ವ್ಯಾಯಾಮದ ಜೊತೆ ತೂಕ ಇಳಿಸಲು ದಿನಕ್ಕೆಷ್ಟು ಕ್ಯಾಲರಿ? ಲೆಕ್ಕ ಹಾಕುವ ಕ್ರಮ, ತಪ್ಪುವ ಜಾಗಗಳು

ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ನಡಿಗೆ, ವಾರಕ್ಕೆರಡು ದಿನ ಜಿಮ್ಮು, ರಾತ್ರಿ ಅನ್ನ ಬಿಟ್ಟು ಚಪಾತಿ. ಇಷ್ಟಾದರೂ ಎರಡು ತಿಂಗಳಿಂದ ತೂಕದ ಮುಳ್ಳು ಅಲ್ಲೇ ನಿಂತಿದೆ ಎಂದರೆ ಸಾಮಾನ್ಯವಾಗಿ ಲೆಕ್ಕ ಎಲ್ಲೋ ತಪ್ಪಿದೆ ಎಂದೇ ಅರ್ಥ. ತಪ್ಪುವುದೂ ಹೆಚ್ಚಾಗಿ ಎರಡೇ ಕಡೆ: ವ್ಯಾಯಾಮವನ್ನು ಎರಡು ಸಲ ಎಣಿಸಿರುತ್ತೇವೆ, ಎಣ್ಣೆಯನ್ನು ಒಂದು ಸಲವೂ ಎಣಿಸಿರುವುದಿಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲು ಅಳತೆ, ಆಮೇಲೆ ಸೂತ್ರ, ಆಮೇಲೆ ಕಡಿತ, ಕೊನೆಗೆ ತಪಾಸಣೆ. ಮೊದಲ ದಿನವೇ ಅನ್ನ ಅರ್ಧ ಮಾಡಿ ಶುರುಮಾಡಿದವರಿಗೆ ಮುಂದೆ ತೂಕ ನಿಂತಾಗ ಎಲ್ಲಿ ಕೈ ಹಾಕಬೇಕೆಂಬುದೇ ಗೊತ್ತಾಗುವುದಿಲ್ಲ.

ಇಲ್ಲಿ ಕ್ಯಾಲರಿ ಎಂದರೆ ಆಹಾರದ ಪ್ಯಾಕೆಟ್‌ಗಳ ಮೇಲೆ ಕಿಲೊಕ್ಯಾಲರಿ ಎಂದು ಅಚ್ಚಾಗಿರುವುದೇ. ಎರಡೂ ಒಂದೇ.

## ಮೊದಲ ಮಾತು: ಇವರು ವೈದ್ಯರನ್ನು ಕೇಳದೆ ಮುಂದುವರಿಯಬೇಡಿ

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, 18 ವರ್ಷ ತುಂಬದವರು, ಮೂತ್ರಪಿಂಡದ ತೊಂದರೆ ಇರುವವರು, ಊಟ ಬಿಡುವುದು ಅಥವಾ ತಿಂದು ವಾಂತಿ ಮಾಡುವ ಅಭ್ಯಾಸ ಹಿಂದೆ ಯಾವಾಗಲಾದರೂ ಇದ್ದವರು ಈ ಲೆಕ್ಕವನ್ನು ಒಬ್ಬರೇ ಹಾಕಿಕೊಳ್ಳಬಾರದು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಇನ್ನೂ ಮುಖ್ಯ. ಊಟ ಇಳಿದು, ನಡಿಗೆ ಏರಿ, ಔಷಧದ ಪ್ರಮಾಣ ಮಾತ್ರ ಹಾಗೇ ಉಳಿದರೆ ಶುಗರ್ ದಿಢೀರನೆ ಕುಸಿಯುತ್ತದೆ. ಬೆವರು, ಕೈನಡುಕ, ಕಣ್ಣು ಮಂಜಾಗುವುದು ಇದರ ಸೂಚನೆ. ಮೀಟರಿನಲ್ಲಿ 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಔಷಧದ ಪ್ರಮಾಣ ಬದಲಿಸುವುದು ವೈದ್ಯರ ಕೆಲಸ, ಅದನ್ನು ಊಟ ಕಡಿಮೆ ಮಾಡುವ ಮೊದಲೇ ಮಾತಾಡಿಕೊಳ್ಳಿ.

ಇಳಿಸುವ ಅಗತ್ಯ ನಿಜವಾಗಿ ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ಕೆ.ಜಿ. ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು.

## ಹಂತ 1: ಬೇಕಾದ ಸಾಮಾನು

ಅಡುಗೆಮನೆಗೆ 1 ಗ್ರಾಂವರೆಗೂ ತೋರಿಸುವ, 5 ಕೆ.ಜಿ. ತಡೆಯುವ ಡಿಜಿಟಲ್ ತಕ್ಕಡಿ. ಪಾತ್ರೆ ಇಟ್ಟ ಮೇಲೆ ಅಂಕಿಯನ್ನು ಸೊನ್ನೆಗೆ ತರುವ ಗುಂಡಿ ಅದರಲ್ಲಿ ಇರಲೇಬೇಕು. ಈ ತಕ್ಕಡಿ ಇಲ್ಲದೆ ಮುಂದಿನ ಯಾವ ಹಂತಕ್ಕೂ ಅರ್ಥವಿಲ್ಲ. ದುಡ್ಡು ಉಳಿಸಬೇಕಿದ್ದರೆ ಸ್ಮಾರ್ಟ್ ವಾಚಿನಲ್ಲಿ ಉಳಿಸಿ.

ಮೈತೂಕ ನೋಡುವ ಯಂತ್ರವನ್ನು ಗಟ್ಟಿ ನೆಲದ ಮೇಲೆ, ಯಾವಾಗಲೂ ಒಂದೇ ಜಾಗದಲ್ಲಿ ಇಡಿ. ಚಾಪೆ, ಮ್ಯಾಟ್ ಮೇಲಿಟ್ಟರೆ ಅಂಕಿ ಹೆಚ್ಚುಕಮ್ಮಿ ಆಗುತ್ತದೆ.

ಜೊತೆಗೆ ಒಂದು ಹೊಲಿಗೆ ಟೇಪು, 5 ಮಿ.ಲೀ. ಮತ್ತು 15 ಮಿ.ಲೀ. ಅಳತೆ ಚಮಚಗಳು, ಒಂದು ನೋಟ್‌ಬುಕ್ಕು. ಮನೆಯ ಸ್ಟೀಲ್ ಚಮಚಗಳನ್ನು ನಂಬಬೇಡಿ, ಒಂದೇ ಡಬ್ಬದಲ್ಲಿರುವ ಎರಡು ಚಮಚಗಳೇ ಒಂದೇ ಅಳತೆಗೆ ಇರುವುದಿಲ್ಲ. ಆ್ಯಪ್ ಬಳಸಬಹುದು, ಆದರೆ ಅದರಲ್ಲಿ ಸಿದ್ಧವಾಗಿರುವ ‘ಒಂದು ಬಟ್ಟಲು ಸಾಂಬಾರ್’ ಯಾರ ಮನೆಯ ಬಟ್ಟಲು, ಯಾರ ಕೈ ಸಾಂಬಾರ್ ಎಂದು ಯಾರಿಗೂ ಗೊತ್ತಿಲ್ಲ. ಅಕ್ಕಿ, ಬೇಳೆ, ಎಣ್ಣೆಯಂಥ ಹಸಿ ಪದಾರ್ಥಗಳ ಅಂಕಿಗಷ್ಟೇ ಆ್ಯಪ್ ನೋಡಿ.

## ಹಂತ 2: ಏನೂ ಬದಲಿಸದೆ ಒಂದು ವಾರ ಬರೆದಿಡಿ

ಏಳು ದಿನ ಎಂದಿನಂತೆಯೇ ತಿನ್ನಿ. ಬಾಯಿಗೆ ಹೋಗುವ ಪ್ರತಿಯೊಂದನ್ನೂ ಬರೆಯಿರಿ: ಮಗು ತಟ್ಟೆಯಲ್ಲಿ ಬಿಟ್ಟ ಅರ್ಧ ದೋಸೆ, ಪಲ್ಯದ ರುಚಿ ನೋಡಿದ್ದು, ಸಂಜೆ ಟೀ ಜೊತೆ ಒಂದು ಹಿಡಿ ಮಿಕ್ಸ್‌ಚರ್.

ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮೊದಲು, ಹಗುರ ಬಟ್ಟೆಯಲ್ಲಿ ತೂಕ ನೋಡಿ. ಏಳೂ ದಿನದ ತೂಕ ಕೂಡಿಸಿ 7ರಿಂದ ಭಾಗಿಸಿ. ಇನ್ನು ಮುಂದೆ ‘ನನ್ನ ತೂಕ’ ಎಂದರೆ ಈ ಸರಾಸರಿ. ಉಪ್ಪಿನಕಾಯಿ ಹೆಚ್ಚು ತಿಂದ ಮಾರನೇ ದಿನ ಒಂದು ಕೆ.ಜಿ. ಏರುವುದು, ಮುಟ್ಟಿನ ಮುಂಚಿನ ವಾರ ಒಂದೆರಡು ಕೆ.ಜಿ. ನೀರು ನಿಲ್ಲುವುದು ಸಹಜ. ಒಂದು ದಿನದ ಅಂಕಿ ನೋಡಿ ಹಿಗ್ಗಬೇಡಿ, ಕುಗ್ಗಲೂಬೇಡಿ.

## ಹಂತ 3: ಸುಮ್ಮನೆ ಮಲಗಿದ್ದರೂ ದೇಹ ಸುಡುವ ಕ್ಯಾಲರಿ

ಇದಕ್ಕೆ ಬಿಎಂಆರ್ ಎನ್ನುತ್ತಾರೆ. ಉಸಿರಾಟ, ಹೃದಯ, ಮಿದುಳು, ಮೈಬಿಸಿ ಇವಿಷ್ಟರ ಖರ್ಚು. ಹೆಚ್ಚು ಬಳಕೆಯಲ್ಲಿರುವ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ ಹೀಗಿದೆ:

ಗಂಡಸರು: (10 × ಕೆ.ಜಿ. ತೂಕ) + (6.25 × ಸೆಂ.ಮೀ. ಎತ್ತರ) − (5 × ವಯಸ್ಸು) + 5

ಹೆಂಗಸರು: (10 × ಕೆ.ಜಿ. ತೂಕ) + (6.25 × ಸೆಂ.ಮೀ. ಎತ್ತರ) − (5 × ವಯಸ್ಸು) − 161

ಕೊನೆಯವರೆಗೂ ಒಂದೇ ಉದಾಹರಣೆ ಹಿಡಿದು ಹೋಗೋಣ. 38 ವರ್ಷ, 158 ಸೆಂ.ಮೀ., 72 ಕೆ.ಜಿ. ತೂಕದ ಮಹಿಳೆ. ಕಚೇರಿ ಕೆಲಸ, ಮನೆಯ ಅಡುಗೆ ಅವರದ್ದೇ. ವಾರಕ್ಕೆ ಐದು ದಿನ 45 ನಿಮಿಷ ನಡಿಗೆ, ಎರಡು ದಿನ 40 ನಿಮಿಷ ಭಾರ ಎತ್ತುವ ವ್ಯಾಯಾಮ.

720 + 987.5 − 190 − 161 = 1356.5. ಅಂದರೆ ಸುಮಾರು 1356 ಕ್ಯಾಲರಿ.

ಎತ್ತರವನ್ನು ಅಡಿ-ಅಂಗುಲದಲ್ಲಿ ಬರೆದು ಎಡವುವವರಿದ್ದಾರೆ. 5 ಅಡಿ 2 ಅಂಗುಲ ಎಂದರೆ 5.2 ಅಡಿಯಲ್ಲ. ಒಟ್ಟು 62 ಅಂಗುಲ ಮಾಡಿಕೊಂಡು 2.54ರಿಂದ ಗುಣಿಸಿ: 157.5 ಸೆಂ.ಮೀ.

ಈ ಸೂತ್ರವನ್ನು 1990ರಲ್ಲಿ ಅಮೆರಿಕದ ಜನರನ್ನು ಅಳೆದು ಮಾಡಿದ್ದು. ನಮ್ಮಲ್ಲಿ ಅಷ್ಟೇ ತೂಕದ ದೇಹದಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇರುವುದು ವಾಡಿಕೆ. ಹಾಗಾಗಿ ಉತ್ತರ ತುಸು ಹೆಚ್ಚೇ ಬಂದಿರಬಹುದು ಎಂದುಕೊಂಡೇ ಮುಂದೆ ಹೋಗಿ. ಸರಿಮಾಡುವ ಕೆಲಸ ಹಂತ 8ರಲ್ಲಿ ಇದೆ.

## ಹಂತ 4: ವ್ಯಾಯಾಮ ಬಿಟ್ಟು ಉಳಿದ ದಿನದ ಓಡಾಟ

ಇಲ್ಲಿ ವ್ಯಾಯಾಮವನ್ನು ಪೂರ್ತಿ ಮರೆತುಬಿಡಿ. ಉಳಿದ 23 ಗಂಟೆ ಹೇಗೆ ಕಳೆಯುತ್ತೀರಿ ಎಂಬುದಷ್ಟೇ ಪ್ರಶ್ನೆ. ಇಡೀ ದಿನ ಕುರ್ಚಿ, ಬಂದಮೇಲೆ ಸೋಫಾ ಎನ್ನುವವರು ಬಿಎಂಆರನ್ನು 1.2ರಿಂದ ಗುಣಿಸಿ. ಕೂತು ಕೆಲಸ ಮಾಡಿದರೂ ಅಡುಗೆ, ಕಸಮುಸುರೆ, ಬಸ್‌ಸ್ಟಾಪಿನವರೆಗೆ ನಡಿಗೆ ಇದ್ದರೆ 1.3. ತರಗತಿಯಲ್ಲಿ ನಿಂತು ಪಾಠ ಮಾಡುವವರು, ಅಂಗಡಿಯಲ್ಲಿ ದಿನವಿಡೀ ನಿಲ್ಲುವವರಿಗೆ 1.4. ಹೊಲ, ಗಾರೆ ಕೆಲಸ, ಹಮಾಲಿ ಮಾಡುವವರಿಗೆ 1.6 ಮತ್ತು ಮೇಲೆ.

ಎರಡರ ನಡುವೆ ಅನುಮಾನ ಬಂದರೆ ಚಿಕ್ಕದನ್ನೇ ಹಿಡಿಯಿರಿ. ನಾವೆಲ್ಲ ನಮ್ಮ ಓಡಾಟವನ್ನು ಇರುವುದಕ್ಕಿಂತ ಹೆಚ್ಚೆಂದೇ ಭಾವಿಸುವವರು.

ನಮ್ಮ ಉದಾಹರಣೆಗೆ: 1356 × 1.3 = 1763.

## ಹಂತ 5: ವ್ಯಾಯಾಮವನ್ನು ಒಂದೇ ಸಲ ಸೇರಿಸಿ

ನಡಿಗೆಗೆ ಒಂದು ಸುಲಭ ಸೂತ್ರ: ಸಮತಟ್ಟು ರಸ್ತೆಯಲ್ಲಿ ಒಂದು ಕಿ.ಮೀ. ನಡೆದರೆ ನಿಮ್ಮ ತೂಕದ ಅರ್ಧದಷ್ಟು ಕ್ಯಾಲರಿ ಹೆಚ್ಚುವರಿ ಖರ್ಚಾಗುತ್ತದೆ. 72 ಕೆ.ಜಿ.ಯವರಿಗೆ ಕಿ.ಮೀ.ಗೆ 36. ಗಂಟೆಗೆ 5 ಕಿ.ಮೀ. ವೇಗದಲ್ಲಿ 45 ನಿಮಿಷ ಎಂದರೆ 3.75 ಕಿ.ಮೀ., ಅಂದರೆ 135 ಕ್ಯಾಲರಿ. ಓಟಕ್ಕೆ ಕಿ.ಮೀ.ಗೆ ತೂಕದ ಸುಮಾರು ಹತ್ತನೇ ಒಂಬತ್ತು ಭಾಗ ಹಿಡಿಯಿರಿ. ಸಾಮಾನ್ಯ ಭಾರ ಎತ್ತುವ ವ್ಯಾಯಾಮಕ್ಕೆ, ನಡುನಡುವಿನ ವಿಶ್ರಾಂತಿ ಸೇರಿ, ಗಂಟೆಗೆ ತೂಕದ ಎರಡೂವರೆ ಪಟ್ಟು: 40 ನಿಮಿಷಕ್ಕೆ ಇವರಿಗೆ 120.

ವಾರದ ಒಟ್ಟು: (135 × 5) + (120 × 2) = 915. ಏಳರಿಂದ ಭಾಗಿಸಿದರೆ ದಿನಕ್ಕೆ 130.

1763 + 130 = 1893. ಅಂದರೆ 1890. ಇಷ್ಟು ತಿಂದರೆ ತೂಕ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಇದನ್ನು ಸಮತೋಲದ ಅಂಕಿ ಎಂದು ಕರೆಯೋಣ.

ಬೆವರು ಹರಿಸಿದ್ದಕ್ಕೆ ಬರೀ 130 ಎಂದು ಬೇಜಾರಾಗಬಹುದು. ವಾಚು ಅದೇ ನಡಿಗೆಗೆ 190, ಕೆಲವೊಮ್ಮೆ 250 ತೋರಿಸುತ್ತದೆ. ಬಹಳಷ್ಟು ವಾಚು, ಟ್ರೆಡ್‌ಮಿಲ್‌ಗಳು ತೋರಿಸುವುದು ಆ 45 ನಿಮಿಷದ ಒಟ್ಟು ಖರ್ಚನ್ನು. ಅದರಲ್ಲಿ ಸುಮಾರು 54 ಕ್ಯಾಲರಿ ನೀವು ಟಿವಿ ಮುಂದೆ ಕೂತಿದ್ದರೂ ಸುಡುತ್ತಿತ್ತು, ಹಂತ 4ರ 1763ರಲ್ಲಿ ಅದು ಆಗಲೇ ಎಣಿಕೆಯಾಗಿದೆ.

ಎಲ್ಲರೂ ಬೀಳುವ ಹಳ್ಳ ಇದೇ. ಆನ್‌ಲೈನ್ ಕ್ಯಾಲ್ಕುಲೇಟರಿನಲ್ಲಿ ‘ವಾರಕ್ಕೆ 3ರಿಂದ 5 ದಿನ ವ್ಯಾಯಾಮ’ ಎಂದು ಒತ್ತಿದರೆ ಅದು ಬಿಎಂಆರನ್ನು 1.55ರಿಂದ ಗುಣಿಸುತ್ತದೆ: 1356 × 1.55 = 2102. ನಮ್ಮ ಲೆಕ್ಕಕ್ಕಿಂತ ಇದು 210 ಹೆಚ್ಚು. ವ್ಯಾಯಾಮ ಅದರೊಳಗೇ ಸೇರಿರುತ್ತದೆ. ಆಮೇಲೆ ‘ಇವತ್ತು ವಾಚಿನಲ್ಲಿ 190 ಸುಟ್ಟಿದೆ’ ಎಂದು ಅಷ್ಟನ್ನೂ ಮೇಲೆ ತಿನ್ನುತ್ತೇವೆ. 210 + 190 = 400. ಮುಂದಿನ ಹಂತದಲ್ಲಿ ನಾವು ಕಡಿಮೆ ಮಾಡಲಿರುವುದು 390. ಇಡೀ ಕಡಿತ ಅಲ್ಲಿಗೇ ಮುಗಿಯಿತು. ಆದ್ದರಿಂದ ವಾಚಿನ ಕ್ಯಾಲರಿಯನ್ನು ಊಟವಾಗಿ ಮರಳಿ ತಿನ್ನಬೇಡಿ, ವಾಚಿನಲ್ಲಿ ಹೆಜ್ಜೆಗಳ ಲೆಕ್ಕವನ್ನಷ್ಟೇ ನೋಡಿ.

ಉತ್ತರ ಹಾದಿಯಲ್ಲಿದೆಯೇ ಎಂದು ನೋಡಲು ಒಂದು ಅಳತೆಗೋಲು: ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ಕೂತು ಕೆಲಸ ಮಾಡುವ 55 ಕೆ.ಜಿ. ಮಹಿಳೆಗೆ ದಿನಕ್ಕೆ 1660, 65 ಕೆ.ಜಿ. ಪುರುಷನಿಗೆ 2110 ಕ್ಯಾಲರಿ. ಕಚೇರಿ ಕೆಲಸದವರಿಗೆ 2800 ಎಂದು ಉತ್ತರ ಬಂದಿದ್ದರೆ ಗುಣಾಕಾರ ಇನ್ನೊಮ್ಮೆ ಮಾಡಿ.

## ಹಂತ 6: ಎಷ್ಟು ಕಡಿಮೆ ಮಾಡಬೇಕು

ಸಮತೋಲದ ಅಂಕಿಯ ಶೇ. 15ರಿಂದ 20. ವ್ಯಾಯಾಮ ಮಾಡುವವರಿಗೆ ಇದಕ್ಕಿಂತ ಹೆಚ್ಚು ಬೇಡ. 1890ರಲ್ಲಿ ಶೇ. 20 ತೆಗೆದರೆ ಸುಮಾರು 1510. ಸುಲಭಕ್ಕೆ 1500 ಇಟ್ಟುಕೊಳ್ಳಿ, ದಿನದ ಕಡಿತ 390.

ಒಂದು ಕೆ.ಜಿ. ಮೈಕೊಬ್ಬು ಎಂದರೆ ಅಂದಾಜು 7700 ಕ್ಯಾಲರಿ. 390 × 7 = 2730. ಅಂದರೆ ವಾರಕ್ಕೆ 350 ಗ್ರಾಂ, ತಿಂಗಳಿಗೆ ಒಂದೂವರೆ ಕೆ.ಜಿ. ‘ತಿಂಗಳಿಗೆ ಎಂಟು ಕೆ.ಜಿ.’ ಎಂಬ ಜಾಹೀರಾತು ನೋಡಿದವರಿಗೆ ಇದು ಏನೂ ಅಲ್ಲವೆನಿಸುತ್ತದೆ. ಆದರೆ ತಿಂಗಳಿಗೆ ಎಂಟು ಕೆ.ಜಿ. ಕೊಬ್ಬು ಕರಗಬೇಕಾದರೆ ದಿನಕ್ಕೆ 2000 ಕ್ಯಾಲರಿ ಕಡಿತ ಬೇಕು, ಈ ಮಹಿಳೆ ದಿನವಿಡೀ ಸುಡುವುದೇ 1890. ಉಳಿದದ್ದು ನೀರು, ಸ್ನಾಯು.

ಗುರಿಯ ಅಂಕಿ ಹೆಂಗಸರಿಗೆ 1200ಕ್ಕಿಂತ, ಗಂಡಸರಿಗೆ 1500ಕ್ಕಿಂತ ಕೆಳಗೆ ಹೋಗಬಾರದು. ಹೋಗಲೇಬೇಕಾದರೆ ವೈದ್ಯರ ಕಣ್ಗಾವಲು ಬೇಕು. ಹೆಚ್ಚು ತೂಕದವರು ಅತಿವೇಗವಾಗಿ ಇಳಿದಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಅಪಾಯವೂ ಉಂಟು.

ಗಂಡಸರ ಲೆಕ್ಕವೂ ಇದೇ. 45 ವರ್ಷ, 170 ಸೆಂ.ಮೀ., 84 ಕೆ.ಜಿ., ಇಡೀ ದಿನ ಲ್ಯಾಪ್‌ಟಾಪ್ ಮುಂದೆ, ವಾರಕ್ಕೆ ಮೂರು ದಿನ 4 ಕಿ.ಮೀ. ಓಟ. ಬಿಎಂಆರ್ 1682, 1.2ರಿಂದ ಗುಣಿಸಿದರೆ 2019, ಓಟಕ್ಕೆ ದಿನಕ್ಕೆ 130, ಒಟ್ಟು 2150. ಗುರಿ 1720.

## ಹಂತ 7: ಆ 1500ನ್ನು ತಟ್ಟೆಯಲ್ಲಿ ಅಳೆಯುವುದು

ಇಡೀ ಕೆಲಸ ಕೆಡುವುದು ಅಥವಾ ಕೂಡಿಬರುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ.

ಪ್ರೋಟೀನ್ ಮೊದಲು. ಕಡಿಮೆ ತಿನ್ನುತ್ತಾ ವ್ಯಾಯಾಮ ಮಾಡುವಾಗ ಸ್ನಾಯು ಉಳಿಯಬೇಕಾದರೆ ತಲುಪಬೇಕೆಂದಿರುವ ತೂಕದ ಪ್ರತಿ ಕೆ.ಜಿ.ಗೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು. ಮೊದಲ ಗುರಿ 62 ಕೆ.ಜಿ. ಎಂದರೆ ದಿನಕ್ಕೆ ಕನಿಷ್ಠ 75 ಗ್ರಾಂ. ಮೊಟ್ಟೆಗೆ 6 ಗ್ರಾಂ, 100 ಮಿ.ಲೀ. ಹಾಲು ಅಥವಾ ಮೊಸರಿಗೆ 3, 100 ಗ್ರಾಂ ಹಸಿ ತೊಗರಿಬೇಳೆಗೆ 21-22, ಚರ್ಮ ತೆಗೆದ 100 ಗ್ರಾಂ ಹಸಿ ಕೋಳಿ ಎದೆಭಾಗಕ್ಕೆ 22, ಒಣಗಿದ 50 ಗ್ರಾಂ ಸೋಯಾ ಚಂಕ್ಸ್‌ಗೆ 26. ಪೂರ್ತಿ ಸಸ್ಯಾಹಾರಿಗಳಿಗೆ 1500 ಕ್ಯಾಲರಿಯೊಳಗೆ 75 ಗ್ರಾಂ ಹೊಂದಿಸುವುದು ಬಿಗಿಯೇ, ಸೋಯಾ ಇಲ್ಲದಿದ್ದರೆ ಇನ್ನೂ ಕಷ್ಟ. ಕಡಲೆಕಾಯಿಯನ್ನು ಪ್ರೋಟೀನ್ ಎಂದು ಹಿಡಿಗಟ್ಟಲೆ ತಿನ್ನಬೇಡಿ. 100 ಗ್ರಾಂನಲ್ಲಿ 25 ಗ್ರಾಂ ಪ್ರೋಟೀನ್ ಇರುವುದು ನಿಜ, ಜೊತೆಗೆ 550ರ ಆಸುಪಾಸು ಕ್ಯಾಲರಿಯೂ ಇದೆ.

ಎಣ್ಣೆ. 15 ಮಿ.ಲೀ. ದೊಡ್ಡ ಚಮಚಕ್ಕೆ 120 ಕ್ಯಾಲರಿ, 5 ಮಿ.ಲೀ. ಚಮಚಕ್ಕೆ 40. ಕಡಲೆಕಾಯಿ, ಸೂರ್ಯಕಾಂತಿ, ಗಾಣದ ಕೊಬ್ಬರಿ ಎಣ್ಣೆ, ಯಾವುದೇ ಆಗಲಿ ಇಷ್ಟೇ. ‘ಗಾಣದ್ದು, ಪರವಾಗಿಲ್ಲ’ ಎಂಬ ಮಾತು ಕ್ಯಾಲರಿಗೆ ಅನ್ವಯಿಸುವುದಿಲ್ಲ. ನಿಮ್ಮ ಮನೆಯ ಲೆಕ್ಕ ತಿಳಿಯಲು ತಿಂಗಳಿಗೆ ಎಷ್ಟು ಲೀಟರ್ ಖಾಲಿಯಾಗುತ್ತದೆ ನೋಡಿ. ನಾಲ್ಕು ಜನರ ಮನೆಗೆ 4 ಲೀಟರ್ ಎಂದರೆ ಒಬ್ಬೊಬ್ಬರಿಗೆ ದಿನಕ್ಕೆ 33 ಮಿ.ಲೀ., ಸುಮಾರು 270 ಕ್ಯಾಲರಿ. ಮುಕ್ಕಾಲು ಗಂಟೆ ನಡೆದು ಸುಟ್ಟಿದ್ದರ ಎರಡರಷ್ಟು, ಅದೂ ತಟ್ಟೆಯಲ್ಲಿ ಕಣ್ಣಿಗೇ ಬೀಳದೆ. ಅಡುಗೆಗೆ ನಿಂತಾಗ ಕ್ಯಾನಿನಿಂದ ನೇರ ಬಾಣಲೆಗೆ ಸುರಿಯುವುದನ್ನು ಬಿಟ್ಟು ಅಳತೆ ಚಮಚ ಬಳಸಿ, ಅಷ್ಟರಲ್ಲೇ ಅರ್ಧ ಕೆಲಸ ಆಗುತ್ತದೆ.

ಹಸಿ ತೂಕವೋ, ಬೆಂದ ತೂಕವೋ? 100 ಗ್ರಾಂ ಅಕ್ಕಿಗೆ ಸುಮಾರು 355 ಕ್ಯಾಲರಿ, 100 ಗ್ರಾಂ ಅನ್ನಕ್ಕೆ 130ರ ಆಸುಪಾಸು. ತಟ್ಟೆಯ ಅನ್ನ ತೂಗಿ ಅಕ್ಕಿಯ ಅಂಕಿ ಬರೆದರೆ, ಅಥವಾ ಅಕ್ಕಿ ತೂಗಿ ಅನ್ನದ ಅಂಕಿ ಬರೆದರೆ ಎರಡೂವರೆ ಪಟ್ಟಿಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಅಕ್ಕಿ, ಹಿಟ್ಟು, ಬೇಳೆಗಳನ್ನು ಯಾವಾಗಲೂ ಹಸಿಯಾಗಿ ತೂಗಿ.

ಇಡೀ ಮನೆಗೆ ಮಾಡಿದ ಹುಳಿಯಲ್ಲಿ ನಿಮ್ಮ ಪಾಲು. ಖಾಲಿ ಪಾತ್ರೆ ತೂಗಿ, ಅಂಕಿಯನ್ನು ಪಾತ್ರೆಯ ತಳಕ್ಕೆ ಮಾರ್ಕರಿನಲ್ಲಿ ಬರೆದುಬಿಡಿ, ದಿನಾ ತೂಗುವುದು ತಪ್ಪುತ್ತದೆ. ಉದಾಹರಣೆಗೆ 800 ಗ್ರಾಂ. ಈಗ ಹಾಕುತ್ತಾ ಹೋದಂತೆ ಬರೆಯಿರಿ: ತೊಗರಿಬೇಳೆ 150 ಗ್ರಾಂ, 500 ಕ್ಯಾಲರಿ. ತರಕಾರಿ 400 ಗ್ರಾಂ, 110. ತೆಂಗಿನ ತುರಿ 50 ಗ್ರಾಂ, 190. ಹುಳಿಪುಡಿ, ಬೆಲ್ಲ, ಹುಣಸೆ ಸೇರಿ 60. ಒಗ್ಗರಣೆಗೆ ಎರಡು ದೊಡ್ಡ ಚಮಚ ಎಣ್ಣೆ, 240. ಒಟ್ಟು 1100.

ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಪಾತ್ರೆಯನ್ನು ತಕ್ಕಡಿಯ ಮೇಲಿಡಿ. ಕೆಳಗೊಂದು ಮರದ ಮಣೆ ಇಟ್ಟು ಸೊನ್ನೆ ಮಾಡಿಕೊಂಡರೆ ತಕ್ಕಡಿ ಬಿಸಿಗೆ ಕೆಡುವುದಿಲ್ಲ. 2400 ಬಂದರೆ ಅದರಲ್ಲಿ ಹುಳಿ 1600 ಗ್ರಾಂ. 1100 ÷ 16 = 100 ಗ್ರಾಂಗೆ 69 ಕ್ಯಾಲರಿ. ನಿಮ್ಮ ಮನೆಯ ಸೌಟಿಗೆ ಎಷ್ಟು ಹಿಡಿಯುತ್ತದೆ ಎಂದು ಒಮ್ಮೆ ತೂಗಿಕೊಳ್ಳಿ. 120 ಗ್ರಾಂ ಆದರೆ ಸೌಟಿಗೆ 83. ಇನ್ನು ಮುಂದೆ ಸೌಟು ಎಣಿಸಿದರೆ ಸಾಕು.

ಇದೇ ಒಗ್ಗರಣೆಗೆ ಕಣ್ಣಂದಾಜಿನಲ್ಲಿ ನಾಲ್ಕು ಚಮಚ ಬಿದ್ದಿದ್ದರೆ ಸೌಟಿಗೆ 100 ಆಗುತ್ತಿತ್ತು. ರುಚಿಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಲ್ಯ, ಉಪ್ಪಿಟ್ಟು, ಚಿತ್ರಾನ್ನ, ದೋಸೆ ಹಿಟ್ಟು ಎಲ್ಲಕ್ಕೂ ಇದೇ ವಿಧಾನ. ಪದೇಪದೇ ಮಾಡುವ ಹತ್ತು ಹನ್ನೆರಡು ಅಡುಗೆಗಳನ್ನು ಒಮ್ಮೊಮ್ಮೆ ಹೀಗೆ ತೂಗಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟರೆ ಆಮೇಲೆ ದಿನಕ್ಕೆ ಐದು ನಿಮಿಷದ ಕೆಲಸ.

ಮುದ್ದೆಯ ಬಗ್ಗೆ. ಮುದ್ದೆ ತಿಂದರೆ ತಾನಾಗಿಯೇ ತೂಕ ಇಳಿಯುತ್ತದೆ ಎಂಬುದು ಬರೀ ನಂಬಿಕೆ. 80 ಗ್ರಾಂ ರಾಗಿಹಿಟ್ಟಿಗೆ ಸುಮಾರು 255 ಕ್ಯಾಲರಿ, 75 ಗ್ರಾಂ ಅಕ್ಕಿಗೆ 265. ಹತ್ತಿರಹತ್ತಿರ ಒಂದೇ. ಮುದ್ದೆಯ ಲಾಭ ನಾರಿನಂಶದ್ದು, ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತದೆ. ಆದರೆ ಒಂದರ ಬದಲು ಎರಡು ಮುದ್ದೆ ಆದರೆ ಆ ಲಾಭ ಹೋಯಿತು. ಚಪಾತಿಯೂ ಅಷ್ಟೇ: 30 ಗ್ರಾಂ ಹಿಟ್ಟಿನದಕ್ಕೆ 100, ಮೇಲೆ ಒಂದು ಚಮಚ ಎಣ್ಣೆ ಸವರಿದರೆ 140. ಎಣ್ಣೆ ಹಚ್ಚಿದ ಮೂರು ಚಪಾತಿಗಿಂತ ಅಳೆದು ಹಾಕಿದ ಅನ್ನವೇ ಹಗುರ.

ಕಾಫಿ, ಟೀ. ಶೇ. 3 ಕೊಬ್ಬಿನ ಟೋನ್ಡ್ ಹಾಲು 100 ಮಿ.ಲೀ.ಗೆ 58 ಕ್ಯಾಲರಿ, ಎರಡು ಚಮಚ ಸಕ್ಕರೆಗೆ 40. ಲೋಟಕ್ಕೆ ಸುಮಾರು ನೂರು. ದಿನಕ್ಕೆ ನಾಲ್ಕು ಲೋಟವಾದರೆ 1500ರಲ್ಲಿ ಕಾಲುಭಾಗಕ್ಕಿಂತ ಹೆಚ್ಚು. ಬೆಲ್ಲ ಹಾಕಿದರೂ ಇಳಿಯುವುದು ಅಷ್ಟಕ್ಕಷ್ಟೇ.

ಹೋಟೆಲು, ಮದುವೆಮನೆ. ಅಳೆಯಲಾಗದ ಕಡೆ ಹೆಚ್ಚಿನ ಅಂದಾಜನ್ನೇ ಬರೆಯಿರಿ. ಮಸಾಲೆ ದೋಸೆಗೆ 400 ಹಿಡಿಯಿರಿ, ಬೆಣ್ಣೆ ದೋಸೆಯಾದರೆ ಮೇಲಿನ ಪ್ರತಿ ದೊಡ್ಡ ಚಮಚ ಬೆಣ್ಣೆಗೆ ಇನ್ನೊಂದು ನೂರು.

ವಾರದ ಆರು ದಿನ 1500ಕ್ಕೆ ಅಂಟಿಕೊಂಡು ಭಾನುವಾರ ಬಿರಿಯಾನಿ, ಸಿಹಿ, ಸಂಜೆ ಬಜ್ಜಿ ಸೇರಿ 3000 ತಿಂದರೆ ಏನಾಗುತ್ತದೆ? ವಾರದ ಸರಾಸರಿ 1714. ದಿನದ ಕಡಿತ 390ರಿಂದ 176ಕ್ಕೆ ಇಳಿಯಿತು. ಭಾನುವಾರ ಉಪವಾಸ ಮಾಡಿ ಎಂದು ಹೇಳುತ್ತಿಲ್ಲ. ವಾರಕ್ಕೆ ಇರುವುದು 10,500, ಅದರಲ್ಲಿ ಭಾನುವಾರಕ್ಕೆ 2100 ಎತ್ತಿಟ್ಟು ಉಳಿದ ಆರು ದಿನ 1400ರಂತೆ ನಡೆಸಿ.

## ಹಂತ 8: ನಾಲ್ಕನೇ ವಾರದ ತಪಾಸಣೆ

ಸೂತ್ರ ಕೊಟ್ಟಿದ್ದು ಅಂದಾಜು. ನಿಮ್ಮ ದೇಹದ ನಿಜವಾದ ಅಂಕಿ ಹೊರಬೀಳುವುದು ಈಗ. ನಾಲ್ಕು ವಾರದ ತೂಕದ ಸರಾಸರಿಗಳು ಹೀಗಿವೆ ಎಂದುಕೊಳ್ಳಿ: 72.0, 70.9, 70.6, 70.3.

ಮೊದಲ ವಾರದ ಇಳಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿ ಬಹುಪಾಲು ನೀರು. ಎರಡನೇ ವಾರದಿಂದ ನಾಲ್ಕನೇ ವಾರಕ್ಕೆ ಇಳಿದದ್ದು 600 ಗ್ರಾಂ, ವಾರಕ್ಕೆ 300. ಅಂದರೆ 0.3 × 7700 ÷ 7 = ದಿನಕ್ಕೆ 330 ಕ್ಯಾಲರಿ ಕಡಿತ. ಆ ದಿನಗಳಲ್ಲಿ ನೀವು ಬರೆದಿಟ್ಟ ಊಟದ ಸರಾಸರಿ 1520 ಆಗಿದ್ದರೆ ನಿಜವಾದ ಸಮತೋಲದ ಅಂಕಿ 1520 + 330 = 1850. ಸೂತ್ರದ 1890 ಬಿಟ್ಟು ಇನ್ನು ಮುಂದೆ ಇದನ್ನೇ ಬಳಸಿ.

ತೂಕ ಕದಲಿಲ್ಲ, ಆದರೆ ಹೊಕ್ಕುಳ ಮಟ್ಟದಲ್ಲಿ ಟೇಪು ಒಂದೆರಡು ಸೆಂ.ಮೀ. ಕಡಿಮೆ ತೋರಿಸುತ್ತಿದೆ ಎಂದರೆ ಏನನ್ನೂ ಬದಲಿಸಬೇಡಿ. ಭಾರ ಎತ್ತಲು ಹೊಸದಾಗಿ ಶುರುಮಾಡಿದವರಲ್ಲಿ ಹೀಗಾಗುವುದು ಮಾಮೂಲು.

ಎರಡೂ ಕದಲದಿದ್ದರೆ ತಕ್ಷಣ ಊಟ ಕಡಿಮೆ ಮಾಡಬೇಡಿ. ಮೊದಲು ಒಂದು ವಾರ ಕಟ್ಟುನಿಟ್ಟಾಗಿ ತೂಗಿ: ಎಣ್ಣೆ, ತೆಂಗಿನ ತುರಿ, ರುಚಿ ನೋಡಿದ್ದು, ಶನಿವಾರ-ಭಾನುವಾರ. ಹೆಜ್ಜೆಗಳ ಲೆಕ್ಕವನ್ನೂ ನೋಡಿ. ಬೆಳಿಗ್ಗೆ ಜಿಮ್ಮಿಗೆ ಹೋದವರು ದಣಿವಿಗೆ ಉಳಿದ ದಿನವೆಲ್ಲ ಕೂತೇ ಕಳೆಯುತ್ತಾರೆ. ದಿನಕ್ಕೆ 8000 ಇದ್ದದ್ದು 5000ಕ್ಕೆ ಇಳಿದರೆ ಎರಡು ಕಿ.ಮೀ.ಗೂ ಹೆಚ್ಚಿನ ನಡಿಗೆ ಹೋಯಿತು, ಇವರಿಗೆ ಅದು ಸುಮಾರು 75 ಕ್ಯಾಲರಿ. ಇಷ್ಟೆಲ್ಲ ಸರಿಯಿದ್ದೂ ಇನ್ನೆರಡು ವಾರ ನಿಂತೇ ಇದ್ದರೆ ಆಗ 100ರಿಂದ 150 ಕ್ಯಾಲರಿ ಇಳಿಸಿ. ಜೊತೆಗೆ ವಿಪರೀತ ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

## ಹಂತ 9: ನಿಲ್ಲಿಸಬೇಕಾದ ಸೂಚನೆಗಳು

ಮೂರನೇ ವಾರದ ನಂತರವೂ ವಾರಕ್ಕೆ ದೇಹತೂಕದ ಶೇ. 1ಕ್ಕಿಂತ ಹೆಚ್ಚು ಇಳಿಯುತ್ತಿದ್ದರೆ ದಿನಕ್ಕೆ 150 ಕ್ಯಾಲರಿ ಸೇರಿಸಿ. ಮೊದಲು ಎತ್ತುತ್ತಿದ್ದ ಭಾರ ಈಗ ಏಳುತ್ತಿಲ್ಲ, ರಾತ್ರಿ ಮೂರಕ್ಕೆ ಹಸಿವಿಗೆ ಎಚ್ಚರವಾಗುತ್ತದೆ, ಸದಾ ಮೈ ತಣ್ಣಗಿರುತ್ತದೆ, ಕೂದಲು ಕೈತುಂಬಾ ಬರುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ, ಇವೆಲ್ಲ ಕಡಿತ ಅತಿಯಾಯಿತೆಂಬ ಸೂಚನೆ. ಎರಡು ವಾರ ಸಮತೋಲದ ಅಂಕಿಗೆ ಮರಳಿ. ಮುಟ್ಟು ತಪ್ಪಿದರೆ ‘ಮುಂದಿನ ತಿಂಗಳು ಬರುತ್ತದೆ’ ಎಂದು ಕಾಯದೆ ವೈದ್ಯರನ್ನು ಕಾಣಿ.

ವ್ಯಾಯಾಮದ ನಡುವೆ ಎದೆ ಹಿಡಿದಂತಾಗುವುದು, ಎಡಗೈ ಅಥವಾ ದವಡೆಗೆ ನೋವು ಹರಡುವುದು, ತಲೆ ತಿರುಗಿ ಬೀಳುವಂತಾಗುವುದು ಆದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಗ್ಯಾಸ್ ಎಂದು ಸೋಡಾ ಕುಡಿದು ಮಲಗುವ ಹೊತ್ತಲ್ಲ ಅದು.

## ಹಂತ 10: ಮರುಲೆಕ್ಕ, ಆಮೇಲೆ ವಾಪಸು ಬರುವುದು

ಪ್ರತಿ 4-5 ಕೆ.ಜಿ. ಇಳಿದಾಗ ಹಂತ 3ರಿಂದ ಲೆಕ್ಕ ಹೊಸದಾಗಿ ಹಾಕಿ. ಚಿಕ್ಕದಾದ ದೇಹ ಕಡಿಮೆ ಸುಡುತ್ತದೆ. ನಮ್ಮ ಉದಾಹರಣೆಯ ಮಹಿಳೆ 66 ಕೆ.ಜಿ.ಗೆ ಬಂದಾಗ ಬಿಎಂಆರ್ 1296, ವ್ಯಾಯಾಮ ಸೇರಿ ಸಮತೋಲದ ಅಂಕಿ ಸುಮಾರು 1805. ಹಳೆಯ 1500ನ್ನೇ ತಿನ್ನುತ್ತಿದ್ದರೆ ಕಡಿತ 390ರಿಂದ 305ಕ್ಕೆ ಬಂದಿರುತ್ತದೆ. ಇಳಿಕೆ ನಿಧಾನವಾದದ್ದಕ್ಕೆ ಕಾರಣ ಇಷ್ಟೇ. ಇನ್ನೂ ಕಡಿಮೆ ತಿನ್ನುವ ಬದಲು ದಿನಕ್ಕೆ ಎರಡು ಕಿ.ಮೀ. ನಡಿಗೆ ಸೇರಿಸಿದರೆ 66 ಕ್ಯಾಲರಿ ವಾಪಸು ಸಿಗುತ್ತದೆ.

ಮೂರು ತಿಂಗಳು ಸತತ ಕಡಿತ ಮಾಡಿದ ಮೇಲೆ ಒಂದೆರಡು ವಾರ ಸಮತೋಲದ ಅಂಕಿಯಷ್ಟು ತಿನ್ನಿ. ಹಬ್ಬವೋ ಊರಿನ ಜಾತ್ರೆಯೋ ಬರುವ ವಾರಕ್ಕೆ ಇದನ್ನು ಹೊಂದಿಸಿಕೊಂಡರೆ ಒಬ್ಬಟ್ಟನ್ನು ಕಳ್ಳರಂತೆ ತಿನ್ನಬೇಕಾಗಿಲ್ಲ.

ಗುರಿ ತಲುಪಿದ ದಿನ ಒಮ್ಮೆಲೇ ಹಳೆಯ ಊಟಕ್ಕೆ ಹೋಗಬೇಡಿ. ವಾರಕ್ಕೆ ನೂರರಂತೆ ಏರಿಸುತ್ತಾ, ತೂಕದ ಸರಾಸರಿ ನಿಲ್ಲುವ ಜಾಗ ಹುಡುಕಿ. ಊಟ ಏರಿದ ಮೊದಲ ವಾರದಲ್ಲೇ ಅರ್ಧದಿಂದ ಒಂದು ಕೆ.ಜಿ. ಹೆಚ್ಚಿದಂತೆ ಕಾಣುತ್ತದೆ. ಸ್ನಾಯುಗಳಲ್ಲಿ ಪಿಷ್ಟ ಮತ್ತೆ ತುಂಬಿಕೊಳ್ಳುವಾಗ ಪ್ರತಿ ಗ್ರಾಂಗೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಡುವುದರಿಂದ ಹೀಗಾಗುತ್ತದೆ. ಅದನ್ನು ನೋಡಿ ಗಾಬರಿಯಾಗಿ ಮತ್ತೆ 1500ಕ್ಕೆ ಇಳಿಯಬೇಡಿ, ಎರಡನೇ ಮತ್ತು ಮೂರನೇ ವಾರದ ಸರಾಸರಿಗಳನ್ನು ಹೋಲಿಸಿ ನೋಡಿ.